ಕೌದಿ ದೊಡ್ಡವ್ವ

ಆಕೆಯ ಎಡಗೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಗಟ್ಟಿಯಾಗಿತ್ತು. ಪ್ರೀತಿಯಿಂದ ಗಲ್ಲ ಸವರಿದರೆ ಒರಟಾಗಿ ತಾಗುತ್ತಿತ್ತು. ಆದರೂ ನಾನು ಮುಖ ಸರಿಸುತ್ತಿರಲಿಲ್ಲ.

ಎಪ್ಪತ್ತರ ದಶಕದ ಹಗರಿಬೊಮ್ಮನಹಳ್ಳಿ. ಆಕೆ ನಮ್ಮ ಎದುರುಮನೆಯವಳು. ರಕ್ತಸಂಬಂಧವಲ್ಲ, ಓಣಿಗೆಲ್ಲ ದೊಡ್ಡವ್ವ. ಹೊಳಲಿನಿಂದ ಸೊಸೆಯಾಗಿ ಬಂದವಳು, ಬಹಳ ಬೇಗ ಗಂಡನನ್ನು ಕಳೆದುಕೊಂಡಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಮನೆಮನೆಗೆ ಹೋಗಿ ಹಳೆಯ ಧೋತರ, ದುಪ್ಪಟಿ, ಟವೆಲ್ಲು ಕೇಳಿ ತರುತ್ತಿದ್ದಳು. ಸೋಡಾ ಹಾಕಿ ಕುದಿಸಿ, ಒಗೆದು, ಬಿಸಿಲಿಗೆ ಹರವಿ, ಪದರದ ಮೇಲೆ ಪದರ ಜೋಡಿಸಿ ಪುಟ್ಟ ಪುಟ್ಟ ಕೌದಿ ಹೊಲಿಯುತ್ತಿದ್ದಳು. ಅವೆಲ್ಲ ಹೋಗುತ್ತಿದ್ದುದು ದವಾಖಾನೆಗೆ; ಬರಿಗೈಯಲ್ಲಿ ಹೆರಿಗೆಗೆ ಬಂದ ಹಳ್ಳಿಯ ಹೆಣ್ಣುಮಕ್ಕಳ ಕೂಸುಗಳಿಗೆ.

ಒಮ್ಮೆ ಸಾಹುಕಾರರ ಮನೆಯಾಕೆ ಎಣ್ಣೆ ಒರೆಸಿದ ಟವೆಲ್ಲು ಕೊಟ್ಟಾಗ ದೊಡ್ಡವ್ವ ಅದನ್ನು ಮಡಚಿ ಕಟ್ಟೆಯ ಮೇಲೆ ತಿರುಗಿ ಇಟ್ಟಳು. "ಹರಿದಿದ್ರ ನಡೀತೈತ್ರಿ ಅಕ್ಕಾರ, ಹೊಲಸಿದ್ದದ್ದು ಬ್ಯಾಡ್ರಿ. ಇದರ ಮ್ಯಾಲ ಕೂಸು ಮಲಗತೈತಿ." ಆ ಮನೆಯಾಕೆ ಒಳಗೆ ಹೋಗಿ ಒಗೆದ ಚಾದರವೊಂದನ್ನು ತಂದುಕೊಟ್ಟಳು.

ಅಪ್ಪ ತೀರಿಕೊಂಡಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಸತ್ತವರ ಹಾಸಿಗೆ, ಹೊದಿಕೆ ಊರಾಚೆ ಎಸೆಯಬೇಕೆಂದು ಬಂಧುಗಳು ಹೇಳಿದರು. ಅವ್ವ ಬಿಡಲಿಲ್ಲ. ಅದನ್ನೆಲ್ಲ ಸುತ್ತಿ ಮೂಲೆಗಿಟ್ಟು, ಅದಕ್ಕೇ ಒರಗಿ ದಿನವಿಡೀ ಕೂತಿರುತ್ತಿದ್ದಳು. ಯಾರೊಡನೆಯೂ ಮಾತಿಲ್ಲ. ಒಲೆ ನಾನೇ ಹಚ್ಚುತ್ತಿದ್ದೆ.

ದೊಡ್ಡವ್ವ ದಿನಾ ಬಂದು ನಮ್ಮ ಹೊಸ್ತಿಲ ಬಳಿ ಕೂತು ಹೊಲಿಯುತ್ತಿದ್ದಳು. ಹಾಸಿಗೆಯ ಮಾತೇ ಎತ್ತಲಿಲ್ಲ. ಚಳಿ ಶುರುವಾದಾಗ ಒಂದು ಮಧ್ಯಾಹ್ನ ಅವ್ವನೇ ಬಾಯಿ ತೆರೆದಳು. "ಯಾಕ ಇಷ್ಟು ಹೊಲೀತೀಯಕ್ಕಾ?"

ದೊಡ್ಡವ್ವ ಸೂಜಿ ನಿಲ್ಲಿಸಲಿಲ್ಲ. "ನನಗೂ ಒಂದು ಕೂಸು ಹುಟ್ಟಿತ್ತವ್ವ. ಮಾಗಿ ಚಳಿ, ಹೊಲದಾಗಿನ ಗುಡಿಸಲು. ಸುತ್ತಾಕ ಗೋಣಿಚೀಲ ಬಿಟ್ರ ಏನೂ ಇರಲಿಲ್ಲ. ಬೆಳಕು ಹರಿಯೋದ್ರಾಗ ತಣ್ಣಗಾತು."

ಆಕೆ ಓಣಿಗೆ ಬರುವ ಮುಂಚಿನ ಆ ಸಂಗತಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ಎದ್ದು ಅಪ್ಪನ ಹಾಸಿಗೆ ಬಿಚ್ಚಿ, ಹೊದಿಕೆಗಳನ್ನು ದೊಡ್ಡವ್ವನ ಮುಂದಿಟ್ಟಳು. ಒಳಗಿದ್ದ ಧೋತರವನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಸಾವಿನ ದಿನವೂ ಹಾಗೆ ಅತ್ತಿರಲಿಲ್ಲ. ದೊಡ್ಡವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಒಂದು ಇಟ್ಕ. ಎಲ್ಲಾ ಕೊಡಬ್ಯಾಡ."

ಅಂದಿನಿಂದ ಇಬ್ಬರೂ ಕಟ್ಟೆಯ ಮೇಲೆ ಕೂತು ಹೊಲಿಯತೊಡಗಿದರು. ಒಂದು ಸಂಜೆ ಶಾಲೆಯಿಂದ ಬರುವಾಗ ಅವ್ವ ನಗುವುದು ಕೇಳಿಸಿ ನಾನು ಬೀದಿಯಲ್ಲೇ ನಿಂತುಬಿಟ್ಟೆ. ಆ ನಗುವಿನ ಋಣ ನನ್ನ ಮೇಲೆ ಇಂದಿಗೂ ಇದೆ.

ನಾನು ಹರಪನಹಳ್ಳಿಯಲ್ಲಿ ಓದುತ್ತಿದ್ದಾಗ ದೊಡ್ಡವ್ವ ಹೋದಳು. ಸುದ್ದಿ ತಿಳಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಕೆ ಅರ್ಧಕ್ಕೆ ಬಿಟ್ಟ ಕೌದಿಯನ್ನು ಅವ್ವ ಒಬ್ಬಳೇ ಕೂತು ಹೊಲಿಯುತ್ತಿದ್ದಳು. ನಾನೂ ಒಂದು ಸೂಜಿ ಹಿಡಿದು ಪಕ್ಕದಲ್ಲಿ ಕೂತೆ. ಆಕೆಯ ಹೊಲಿಗೆ ನಮ್ಮದಕ್ಕಿಂತ ಒತ್ತೊತ್ತಾಗಿತ್ತು. ಎಲ್ಲಿಯವರೆಗೆ ಬಂದು ನಿಂತಿದ್ದಳೆಂದು ಮುಟ್ಟಿದರೇ ತಿಳಿಯುತ್ತಿತ್ತು. ಮುಗಿದ ಮೇಲೆ ಅದನ್ನು ತೊಡೆಯ ಮೇಲಿಂದ ತೆಗೆಯಲು ನನಗೆ ಮನಸ್ಸಾಗಲಿಲ್ಲ.

"ಇದನ್ನ ನಾವಾ ಇಟ್ಕಳ್ಳಾನಬೇ," ಎಂದೆ.

ಅವ್ವ ನನ್ನ ತಲೆ ಸವರಿದಳು. "ದವಾಖಾನ್ಯಾಗ ಒಬ್ಬಾಕಿ ನಿನ್ನಿ ಹಡದಾಳ. ಹೆಣ್ಣುಕೂಸಂತ."

ಮಡಚಿ ಬಗಲಲ್ಲಿಟ್ಟುಕೊಂಡು ಹೊರಟಳು. ಅವಳು ಓಣಿಯ ತಿರುವು ದಾಟುವವರೆಗೂ ನಾನು ಆ ಕೌದಿಯನ್ನೇ ನೋಡುತ್ತ ನಿಂತೆ.