ಗೋಲ್‌ಕೀಪರನ ಅಳತೆ

ನಮ್ಮ ರಾಜಾಜಿನಗರ ಆಗತಾನೇ ಎದ್ದು ನಿಲ್ಲುತ್ತಿದ್ದ ಕಾಲ. ನಮ್ಮ ಬೀದಿಯ ದರ್ಜಿಗೆ ಬಟ್ಟೆ ಕೊಟ್ಟು ತಲೆ ಚಚ್ಚಿಕೊಳ್ಳದವರಿಲ್ಲ. ಪೇಟೆಯ ಫುಟ್‌ಬಾಲ್ ಕ್ಲಬ್ಬಿಗೆ ಜರ್ಸಿ ಹೊಲಿಯುತ್ತಿದ್ದವರು ಅವರೇ. ಸೀಸನ್ ಹತ್ತಿರ ಬಂತೆಂದರೆ, ಯಾರು ತಂಡ ಬಿಟ್ಟರು, ಯಾರು ಸೇರಿದರು ಎಂದು ಕೇಳುವವರ ದಂಡೇ ಅಂಗಡಿಯಲ್ಲಿ. ದರ್ಜಿ ಆಟಗಾರರ ಅಳತೆ ಬರೆದಿಟ್ಟ ಪುಸ್ತಕ ತಟ್ಟಿ, "ಅಳತೆ ಸುಳ್ಳು ಹೇಳಲ್ಲ" ಅನ್ನುವರು. ಹೊಲಿಗೆ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು.

ಆ ವರ್ಷ ಕ್ಲಬ್ಬಿನ ಗೋಲ್‌ಕೀಪರ್, ಮಿಲ್ಲಿನಲ್ಲಿ ಕೆಲಸ ಸಿಗುವ ಆಸೆಗೆ, ಅಲ್ಲಿನ ತಂಡ ಸೇರಿದನೆಂದು ಸುದ್ದಿ ಹಬ್ಬಿತು. "ಅಳತೆ ಇಲ್ಲೇ ಇದೆ, ಅವನೆಲ್ಲಿ ಹೋಗ್ತಾನೆ?" ಎಂದು ದರ್ಜಿ ಅವನ ಪುಟ ತೆರೆದು ವಾದಿಸುತ್ತಲೇ, ನಾನು ಷರ್ಟಿಗೆಂದು ಕೊಟ್ಟಿದ್ದ ಬಟ್ಟೆಯನ್ನು ಅದೇ ಅಳತೆಗೆ ಕತ್ತರಿಸಿಬಿಟ್ಟರು. ಷರ್ಟು ಕೈಗೆ ಬಂದ ಮರುದಿನ ಬೆಳಿಗ್ಗೆಯೇ ನಾನು ಹೊಸ ಕೆಲಸಕ್ಕೆ ಹಾಜರಾಗಬೇಕು. ಅಂಗಡಿಯಲ್ಲೇ ತೊಟ್ಟು ನೋಡಿದರೆ ತೋಳು ಬೆರಳ ತುದಿ ದಾಟಿದೆ.

"ಉದ್ದ ಇರೋದನ್ನ ಕತ್ತರಿಸಿ ಕೊಡ್ರೀ" ಎಂದು ರೇಗಿದೆ.

ಗೋಲ್‌ಕೀಪರ್ ಹೋದದ್ದು ನಿಜವೆಂದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಆದರೂ ಕತ್ತರಿ ಮುಟ್ಟಲಿಲ್ಲ. ತೋಳನ್ನು ಒಳಕ್ಕೆ ಮಡಚಿ ಸಡಿಲವಾಗಿ ಕೈಹೊಲಿಗೆ ಹಾಕಿದರು.

"ಇವತ್ತು ಕತ್ತರಿಸಿಬಿಡಬಹುದು ಸ್ವಾಮಿ. ನಾಳೆ ಅವನು ವಾಪಸ್ ಬಂದರೆ ಏನು ಹಾಕ್ಕೋತಾನೆ?"