ಹುಲ್ಲು ಹಾಸಿದ ಗಾಡಿ

ಮೂಡಣ ಗಾಳಿ ಬೀಸಿದ ದಿನ ಟಿಬ್ಬಿ ಅಜ್ಜಿ ಅಡುಗೆಮನೆಯ ಕಿಟಕಿ ತೆರೆದಿಡುತ್ತಾಳೆ. ಸೊಸೆ ಚಳಿಯೆಂದು ಗೊಣಗಿದರೆ ಕೇಳಬೇಕಲ್ಲ! ಎದುರಿಗೆ ಒದ್ದೆ ಮರಳು, ಅದರಾಚೆ ಕೊರ್ಬಿ ದ್ವೀಪ. ಈಗ ಅಲ್ಲಿ ನರಪಿಳ್ಳೆಯೂ ಇಲ್ಲ. ಸೀಲ್‌ಗಳು ದಿಬ್ಬದ ಮೇಲೆ ಬಿದ್ದುಕೊಂಡು ಊಳಿಡುತ್ತವೆ, ಚಳಿಗಾಲಕ್ಕೆ ಬಡಗಣ ಕಡೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಅವಳು ಹುಡುಗಿಯಾಗಿದ್ದಾಗ ಅಲ್ಲಿ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಎಂಥ ದಿನಗಳವು!

ಹಿಂದೆ ಯಾವ ಕಾಲದಲ್ಲೋ ಅಲ್ಲೊಬ್ಬ ಸಂತ ಇದ್ದನಂತೆ, ಕಡಲಬಾತುಗಳೇ ಅವನ ಬಂಧುಬಳಗವಂತೆ. ಅವನ ಮಠ ಬಿದ್ದುಹೋಯಿತು, ಕಲ್ಲುಗಳನ್ನು ಜನ ತಮ್ಮ ಗೋಡೆಗೆ ಹೊತ್ತೊಯ್ದರು. ಅವನು ಹಾಕಿದ ಕಟ್ಟುಪಾಡು ಮಾತ್ರ ಉಳಿಯಿತು: ಕಾವಿಗೆ ಕೂತ ಬಾತನ್ನು ಎಬ್ಬಿಸಬಾರದು. ಬಲೆಯ ಮೇಲೆ ಕೂತರೆ ಮೀನಿನ ಆಸೆ ಬಿಡಬೇಕು, ಹೊಸ್ತಿಲಲ್ಲಿ ಕೂತರೆ ಹಿತ್ತಿಲ ಬಾಗಿಲಿಂದ ಓಡಾಡಬೇಕು.

ಟಿಬ್ಬಿಯ ಅಪ್ಪ ಗಿಬ್ ಗಂಟೆಯವನು. ಕಡಲ ನೀರು ಇಳಿದ ಹೊತ್ತಲ್ಲಿ ದ್ವೀಪಕ್ಕೂ ದಡಕ್ಕೂ ನಡುವಿನ ಮರಳು ದಾಟುವವರಿಗೆ ಮಂಜು ಕವಿದರೆ ದಿಕ್ಕು ತಿಳಿಯಲೆಂದು ಗಂಟೆ ಬಾರಿಸುತ್ತಿದ್ದ. ದಾಟಿರಬೇಕು ಅನ್ನಿಸಿದ ಮೇಲೂ ಇನ್ನಷ್ಟು ಹೊತ್ತು ಹಗ್ಗ ಬಿಡುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ಮಗಳೇ ಅವನಿಗೆ ಎಲ್ಲ. ಸೊಂಟ ಮುರಿದು ದೂರ ನಡೆಯಲಾರದವನಾಗಿದ್ದ. ಆದರೂ ಆಚೆ ದಡದ ಚರ್ಚಿನಲ್ಲಿ ಮಗಳ ಕೈಯನ್ನು ಮದುಮಗ ರಾಲ್ಫ್‌ನ ಕೈಗೆ ತಾನೇ ಕೊಡಬೇಕೆಂದು ಹಟ ಹಿಡಿದಿದ್ದ.

ಅಪ್ಪನ ಸೊಂಟ ಕುಲುಕಬಾರದೆಂದು ಟಿಬ್ಬಿ ಮದುವೆಗೆ ತಿಂಗಳಿರುವಾಗಲೇ ಗಾಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿದಳು. ಗಾಡಿ ನಿಲ್ಲಿಸುವ ಕೊಟ್ಟಿಗೆ ಅಂದರೆ ಬೋರಲು ಹಾಕಿದ ಹಳೆಯ ದೋಣಿ. ಸಂಭ್ರಮದಲ್ಲಿ ಅದರ ಬಾಗಿಲು ಹಾಕುವುದನ್ನೇ ಮರೆತಳು. ಮರುದಿನ ಹೋಗಿ ನೋಡಿದರೆ, ಹುಲ್ಲಿನ ನಡುವೆ ಎದೆಯ ತುಪ್ಪಳ ಹಾಸಿಕೊಂಡು ಕಡಲಬಾತು ಕೂತಿದೆ!

"ಅಯ್ಯೋ ನನ್ನ ಕರ್ಮವೇ! ಅಪ್ಪಾ, ಈಗೇನ್ಮಾಡೋದು?"

"ಏನ್ಮಾಡೋದು? ಬಾಣಂತಿಗೆ ಜಾಗ ಬಿಡೋದು," ಅಂದ ಗಿಬ್.

ದ್ವೀಪದ ದೋಣಿ ಆ ಚಳಿಗಾಲದ ಬಿರುಗಾಳಿಗೆ ಒಡೆದುಹೋಗಿತ್ತು. ಬೇರೆ ಗಾಡಿಗಳ ಸಣ್ಣ ಚಕ್ರ ಆ ಮರಳಲ್ಲಿ ಹೂತುಹೋಗುತ್ತಿತ್ತು. ಮದುವೆ ಮುಂದೂಡೋಣವೆಂದರೆ ರಾಲ್ಫ್ ಅದಾದ ವಾರವೇ ಮೀನಿನ ಹಡಗು ಹತ್ತಬೇಕು.

"ನಾನು ಹೊತ್ಕೊಂಡು ಹೋಗ್ತೀನಿ ಮಾವ," ಅಂದ ರಾಲ್ಫ್.

"ಮದುಮಗನ ಹೆಗಲೇರಿ ಚರ್ಚಿಗೆ ಬರ್ಲಾ? ಊರೆಲ್ಲ ನಗುತ್ತೆ, ಹೋಗಯ್ಯ!"

ಟಿಬ್ಬಿಯ ಸೋದರಮಾವ ಆಡಮ್‌ಗೆ ರೇಗಿಹೋಯಿತು. "ಮಗಳಿಗಿಂತ ಬಾತು ಹೆಚ್ಚಾಯ್ತೇನಯ್ಯ ನಿಂಗೆ?"

ಗಿಬ್ ಊರುಗೋಲು ಹಿಡಿದು ಗಂಟೆಯ ಕಡೆ ಹೊರಟ.

ಮದುವೆಯ ಬೆಳಗ್ಗೆ ಟಿಬ್ಬಿ ಒಬ್ಬಳೇ ಕೊಟ್ಟಿಗೆಗೆ ಹೋದಳು. ಕಟ್ಟುಪಾಡು ಹಾಳಾಗಿ ಹೋಗಲಿ, ಅಪ್ಪ ಬರಲೇಬೇಕು. ಬಾತಿನ ಕೆಳಗೆ ಕೈ ತೂರಿಸಿದಳು. ಅದು ಕುಕ್ಕಲಿಲ್ಲ, ಹಾರಲಿಲ್ಲ, ನೋಡುತ್ತ ಕೂತಿತ್ತು. ಮೊಟ್ಟೆಗಳು ಬಿಸಿಯಾಗಿದ್ದವು. ಒಂದರೊಳಗೆ ಆಗಲೇ ಟಕಟಕ ಸದ್ದು. ಕೈ ತೆಗೆದು ಅಲ್ಲೇ ಕುಸಿದು ಅತ್ತಳು.

ಬಾಗಿಲಲ್ಲಿ ಊರುಗೋಲು ಹಿಡಿದು ಅಪ್ಪ ನಿಂತಿದ್ದ. "ಏಳು ಮಗಾ. ನೀರೇರೋಕೆ ಮುಂಚೆ ದಾಟ್ಬೇಕು. ಲಂಗ ಎತ್ತಿ ಕಟ್ಕೋ."

"ನೀನಿಲ್ದೆ ನಾನ್ಹೆಂಗೆ ಹೋಗ್ಲಿ ಅಪ್ಪಾ?"

"ನಾನಿರ್ತೀನಿ, ನಡಿ."

ಆಡಮ್ ಮಾವನ ಜೊತೆ ಬರಿಗಾಲಲ್ಲಿ, ಬೂಟು ಕೈಯಲ್ಲಿ ಹಿಡಿದು, ಟಿಬ್ಬಿ ಮರಳಿಗಿಳಿದಳು. ಹಿಂದಿನಿಂದ ಗಂಟೆ ಕೇಳಿಸಿತು. ಆಕಾಶ ನಿಚ್ಚಳವಾಗಿತ್ತು, ಮಂಜಿನ ಸುಳಿವೂ ಇರಲಿಲ್ಲ.

"ಮುದುಕನಿಗೆ ತಲೆ ಕೆಟ್ಟಿದೆ," ಅಂದ ಮಾವ. ಹಾಗೆಂದವನು ತಾನೇ ತಿರುತಿರುಗಿ ದ್ವೀಪದ ಕಡೆ ನೋಡಿದ.

ಚರ್ಚು ತುಂಬಿತ್ತು. ಗಿಬ್ ಯಾಕೆ ಬಂದಿಲ್ಲವೆಂದು ಗುಸುಗುಸು. ಪಾದ್ರಿ ಕೇಳಿದರು: "ಈ ಹೆಣ್ಣನ್ನು ಕೊಡುವವರು ಯಾರು?"

ಟಿಬ್ಬಿ ತಲೆ ತಗ್ಗಿಸಿದಳು. ಅಪ್ಪನ ಬದಲು ಉತ್ತರ ಹೇಳಬೇಕಾದ ಮಾವ ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಮೂಡಣ ಗಾಳಿಯ ಜೊತೆ ತೆರೆದ ಬಾಗಿಲಿಂದ ಗಂಟೆ ಒಳಗೆ ಬಂತು. ಅವಳು ದಡ ಮುಟ್ಟಿ ಎಷ್ಟೋ ಹೊತ್ತಾಗಿತ್ತು, ಅಪ್ಪ ಇನ್ನೂ ಹಗ್ಗ ಬಿಟ್ಟಿರಲಿಲ್ಲ.

"ಕೇಳಿಸ್ತಲ್ಲ ಸ್ವಾಮಿ," ಅಂದ ಆಡಮ್. "ಅವರಪ್ಪನೇ ಹೇಳ್ತಿದಾನೆ."

ಪಾದ್ರಿಯೂ ಒಮ್ಮೆ ಮಂಜಿನಲ್ಲಿ ಆ ಸದ್ದು ಹಿಡಿದೇ ದಡ ಸೇರಿದವರು. ತಲೆಯಾಡಿಸಿ ಟಿಬ್ಬಿಯ ಕೈಯನ್ನು ರಾಲ್ಫ್‌ನ ಕೈಯಲ್ಲಿಟ್ಟರು. ಮದುವೆ ಮುಗಿದು, ನೀರೇರಿ, ದಾರಿ ಮುಚ್ಚಿಹೋದ ಮೇಲೂ ಗಂಟೆ ಮೊಳಗುತ್ತಲೇ ಇತ್ತು.