ಗಂಟೆ ಹೊಡೆಯದ ಕೋಣೆಗೆ ಹುಡುಗರನ್ನು ಕಳಿಸುವಾತ

"ಏನೋ ಭೀಮೇಶ, ಬೆಳ್‌ಬೆಳಗ್ಗೆ ಇನ್ನೊಂದು ಬೇವರ್ಸೀನ ಹಿಡ್ಕೊಂಡು ಬಂದ್ಯಾ?"

ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಓಣಿ. ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಚಹಾದಂಗಡಿ ಮುಂದೆ ನಿಂತವರೆಲ್ಲ ಕೇಳುವಂತೆ ಮನೆ ಮಾಲೀಕ ಕೊಟ್ರಬಸಪ್ಪ ಹೀಗೆ ಅನ್ನುತ್ತಾನೆ. ಮೂರ್ನಾಲ್ಕು ಜನ ಕಿಸಕ್ಕನೆ ನಗುತ್ತಾರೆ. ಈಗಷ್ಟೇ ಹದಿನೆಂಟು ತುಂಬಿದ ನಿಂಗರಾಜ್ ತಲೆ ತಗ್ಗಿಸುತ್ತಾನೆ. ಭೀಮೇಶ್ ಮಾತ್ರ ಲೋಟದ ಚಹಾ ಮುಗಿಸಿ, "ಹುಡುಗನ ಹೆಸರು ನಿಂಗರಾಜ್ ರೀ. ರೂಮು ತೋರಿಸ್ರಿ," ಎನ್ನುತ್ತಾರೆ.

ಭೀಮೇಶ್ ಚನ್ನಗಿರಿಯ ಅಂಚಿನಲ್ಲಿರುವ ಒಂದು ಬಾಲಕರ ಆಶ್ರಮದ ಅಡುಗೆಯವರು. ಹುಟ್ಟೂರು ಜಗಳೂರು ಕಡೆಯ ಬಿಳಿಚೋಡು. ಸಂಬಳ ಬರುವುದು ಅನ್ನ-ಸಾರು ಮಾಡಿದ್ದಕ್ಕೆ. ಆಶ್ರಮ ಬಿಡುವ ಹುಡುಗರಿಗೆ ಹೊರಗೆ ಬದುಕುವುದನ್ನು ಕಲಿಸುವ ಕೆಲಸವನ್ನು ಮಾತ್ರ ಯಾರೂ ಹೇಳದೆ ತಾವೇ ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಅದಕ್ಕೆ ಕಾರಣ ಮಾಲತೇಶ್ ಎಂಬ ಹುಡುಗ.

ಮಾಲತೇಶ್‌ಗೆ ಹದಿನೆಂಟಾಯಿತು. ಒಂದು ಟ್ರಂಕು, ಒಂದು ಹಾರ, ಒಂದು ಫೋಟೊ. ಆಶ್ರಮದವರು ನಡಿಯಪ್ಪ ಅಂದರು. ನ್ಯಾಮತಿಯ ಗ್ಯಾರೇಜಿನಲ್ಲಿ ಕೆಲಸ, ಪಕ್ಕದಲ್ಲೇ ಕೋಣೆ. ವಾರ ಬಿಟ್ಟು ಭೀಮೇಶ್ ನೋಡಲು ಹೋದರೆ ಹುಡುಗ ಸೊರಗಿ ಕಡ್ಡಿಯಾಗಿದ್ದ. ಮಧ್ಯಾಹ್ನ ಗ್ಯಾರೇಜಿನವರು ಕರೆದು ಕೊಟ್ಟದ್ದಷ್ಟೇ ಊಟ. ಕಿಸೆಯಲ್ಲಿ ದುಡ್ಡಿತ್ತು, ಎದುರಿಗೇ ಖಾನಾವಳಿಯಿತ್ತು.

"ಯಾಕೋ ಉಂಡಿಲ್ಲ ಅಂದ್ರೆ, 'ಗಂಟೆ ಹೊಡೀಲಿಲ್ಲ ಭೀಮಣ್ಣ' ಅಂದ. ನಗಬೇಕೋ ಅಳಬೇಕೋ ನೀವೇ ಹೇಳ್ರಿ. ಏಳಾಕೆ ಗಂಟೆ, ಉಣ್ಣಾಕೆ ಗಂಟೆ, ಮಲಗಾಕೆ ಗಂಟೆ. ಹೊಡೀತಿದ್ದವನು ನಾನೇ."

ಆಶ್ರಮಕ್ಕೆ ಬಂದು ಭಾಷಣ ಮಾಡುವ ದೊಡ್ಡವರಿಗೆ ಇದು ಗೊತ್ತಾ? ಬಾಳೆಹಣ್ಣು ಹಂಚುತ್ತಾರೆ, ಮಗುವಿನ ತಲೆ ಸವರಿ ಫೋಟೊ ತೆಗೆಸಿಕೊಳ್ಳುತ್ತಾರೆ, ಕಾರು ಹತ್ತುತ್ತಾರೆ. ಹದಿನೆಂಟು ತುಂಬಿದ ಮೇಲೆ ಅದೇ ತಲೆ ಎಲ್ಲಿ ಮಲಗಿತು ಅಂತ ಕೇಳುವವನು ಒಬ್ಬನೂ ಇಲ್ಲ.

ಮಾಲತೇಶ್‌ನನ್ನು ಕಂಡು ಬಂದಂದಿನಿಂದ ದಿನಾ ನಸುಕಿನಲ್ಲಿ ಆಶ್ರಮದ ಅಡುಗೆಮನೆ ಮೂಲೆಯಲ್ಲಿ ಸಣ್ಣದೊಂದು ಸ್ಟೌ ಹೊತ್ತಿಕೊಳ್ಳುತ್ತದೆ. ಹೊರಡುವ ವಯಸ್ಸಿನವರು ಅಲ್ಲಿ ಒಬ್ಬರಿಗಾಗುವಷ್ಟು ಅಡುಗೆ ಮಾಡಬೇಕು. ಹಂಡೆಯ ಸಾರನ್ನು ಮಾತ್ರ ಕಂಡಿದ್ದ ನಿಂಗರಾಜ್ ಮೊದಲ ದಿನ ತಪ್ಪಲೆಗೆ ಒಂದು ಸೇರು ಅಕ್ಕಿ ಸುರಿದಿದ್ದ. "ಯಾರ ಮದ್ವೆನೋ ಇವತ್ತು?" ಅಂತ ಭೀಮೇಶ್ ಛೇಡಿಸಿದ್ದರು. ಸಂತೆಗೆ ಕರೆದೊಯ್ದು ಚೌಕಾಸಿ ಮಾಡಿಸುತ್ತಾರೆ. ಬೀಗ ಹಾಕಿ ಕೀಲಿ ಕಿಸೆಗೆ ಇಳಿಸುವುದನ್ನೂ ಕಲಿಸುತ್ತಾರೆ. ಆಶ್ರಮದ ಹುಡುಗರ ಕೈಗೆ ಕೀಲಿ ಯಾವತ್ತು ಬಂದಿದೆ? ಆದರೆ ಬಿಡಿಸಲಾಗದ ಚಟವೊಂದಿದೆ.

"ನೀರು ಕುಡೀಲಾ, ಫ್ಯಾನ್ ಹಾಕ್ಲಾ, ಹೊರಗೆ ಹೋಗ್ಲಾ. ಎಲ್ಲದಕ್ಕೂ ಕೇಳ್ತಾವೆ. ನಿಂಗರಾಜಂದು ಅದೇ ಭಯ ನಂಗೆ. ಕೆಲಸ ಚೆಂದ ಮಾಡ್ತಾನೆ. ಯಾರೂ ಹ್ಞೂಂ ಅನ್ನಲಿಲ್ಲ ಅಂದ್ರೆ ನಿಂತಲ್ಲೇ ನಿಂತಿರ್ತಾನೆ. ಹಿಂಗಾದ್ರೆ ಹೆಂಗೆ ಬಾಳ್ತಾನೆ?"

ಹೊನ್ನಾಳಿಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಹುಡುಗನಿಗೆ ಕೆಲಸ ಸಿಕ್ಕಿದೆ. ಇವತ್ತು ಕೋಣೆ ಸಿಗದಿದ್ದರೆ ಆ ಕೆಲಸ ಇನ್ನೊಬ್ಬನ ಪಾಲು. ಕೊಟ್ರಬಸಪ್ಪ ಸುಲಭಕ್ಕೆ ಬಗ್ಗುವುದಿಲ್ಲ.

"ಏನಾರ ಕದ್ರೆ ಯಾರನ್ನ ಹಿಡೀಲಿ? ಅಪ್ಪ ಯಾರು ಇವನಿಗೆ?"

"ನನ್ನನ್ನ ಹಿಡೀರಿ. ಬಿಳಿಚೋಡಿಗೆ ಬಂದು ಭೀಮೇಶನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ."

ಬಾಗಿಲಲ್ಲಿ ನಿಂತಿದ್ದ ಮಾಲೀಕನ ಹೆಂಡತಿ ಸರ್ವಮಂಗಳಮ್ಮ ಬಾಯಿ ಹಾಕುತ್ತಾರೆ: "ಹೋದ ಸಲ ಮೇಷ್ಟ್ರು ಅಂತ ಇಟ್ಕೊಂಡ್ರಲ್ಲ, ಬಾಡಿಗೆ ಕೊಡದೆ ಓಡಿಹೋದ್ರು. ಅವ್ರಿಗೆ ಅಪ್ಪ ಇರ್ಲಿಲ್ಲೇನು? ಸುಮ್ನೆ ಕೀಲಿ ಕೊಡ್ರಿ."

ಚಹಾದಂಗಡಿಯ ನಗು ಈಗ ಮಾಲೀಕನ ಕಡೆ ತಿರುಗುತ್ತದೆ. ಕೀಲಿ ನಿಂಗರಾಜನ ಕೈಗೆ ಬರುತ್ತದೆ.

ನಿಮ್ಮ ಆಸೆ ಏನು ಎಂದರೆ ಭೀಮೇಶ್ ನಾಚುತ್ತಾರೆ. "ದೊಡ್ಡದೇನಿಲ್ರಿ. ಒಬ್ಬನಾದ್ರೂ ತನ್ನ ರೂಮಿಗೆ ನನ್ನ ಊಟಕ್ಕೆ ಕರೀಬೇಕು. ಉಪ್ಪು ಜಾಸ್ತಿ ಆಗಿದ್ರೂ ಉಣ್ತೀನಿ."

ಟ್ರಂಕು ಒಳಗಿಟ್ಟಾಗಿದೆ. ಚನ್ನಗಿರಿ ಬಸ್ಸಿನ ಹೊತ್ತು. ಓಣಿಯ ಅರ್ಧಕ್ಕೆ ಹೋದ ಭೀಮೇಶರನ್ನು ನಿಂಗರಾಜ್ ಹೊಸ್ತಿಲಿಂದಲೇ ಕೂಗುತ್ತಾನೆ.

"ಭೀಮಣ್ಣಾ, ಹಸಿವಾಗೈತೆ. ಎದುರಿನ ಹೋಟ್ಲಿಗೆ ಹೋಗ್ಲಾ?"

ಭೀಮೇಶರ ಕಾಲು ಒಂದು ಗಳಿಗೆ ತಡೆಯುತ್ತದೆ. ಬಾಯಿಗೆ ಬಂದ 'ಹ್ಞೂಂ' ಅನ್ನು ನುಂಗಿಕೊಂಡು, ತಿರುಗಿಯೂ ನೋಡದೆ, ಬಸ್ ನಿಲ್ದಾಣದ ಕಡೆ ನಡೆದುಬಿಡುತ್ತಾರೆ.